ಬಲರೆಕ್ಕೆಯ ಮುಚ್ಚಳ

ಸೆಪ್ಟೆಂಬರ್ 1

ಇವತ್ತು ಹೇಳಿಯೇಬಿಟ್ಟೆ. ಡಿಸೆಂಬರ್ ಒಂದರ ಹೊತ್ತಿಗೆ ಮಹಡಿಯೂ ಖಾಲಿಯಾಗಬೇಕು, ಹಿತ್ತಲಿನ ಶೆಡ್ಡೂ ಖಾಲಿಯಾಗಬೇಕು ಎಂದು. ಎರಡು ದಿನದಿಂದ ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆ. ಸಂಜೆ ಮೆಟ್ಟಿಲ ಮೇಲೆ ಮಹಡಿಯವಳು ಎದುರಾದಳು. ಹೆಗಲಿಗೆ ಕೆಲಸದ ಚೀಲ, ಮೈಯೆಲ್ಲ ಗ್ರೀಸಿನ ವಾಸನೆ. ಲಿಫ್ಟ್ ರಿಪೇರಿ ಮಾಡುವವಳ ಮೈಯಿಂದ ಸೆಂಟಿನ ವಾಸನೆ ಬಾ ಎಂದರೆ ಬರುತ್ತದೆಯೇ.

ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಜಗಳಕ್ಕೂ ನಿಲ್ಲಲಿಲ್ಲ.

"ಮೂರು ತಿಂಗಳು ಸಾಕು ಅತ್ತೆ. ರೆಕ್ಕೆಯೊಳಗಿನ ಟ್ಯಾಂಕ್ ಎರಡೂ ಮುಚ್ಚೋ ತನಕ ಅದನ್ನ ಅಲ್ಲಾಡಿಸೋ ಹಾಗಿಲ್ಲ. ಅದೊಂದು ಆಗಲಿ, ಎಲ್ಲಾನೂ ವಿಮಾನದ ಮೈದಾನಕ್ಕೆ ಸಾಗಿಸಿಬಿಡ್ತೀನಿ," ಎಂದಳು. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲನ್ನು ದಡಾರನೆ ಹಾಕಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಶೆಡ್ಡಿನಲ್ಲಿರುವುದು ವಿಮಾನ. ಮದುವೆಯಾದ ವರ್ಷ ಮಗನೂ ಅವಳೂ ಸೇರಿ ತರಿಸಿದ್ದು. ಬಂದದ್ದು ವಿಮಾನವಲ್ಲ, ಪೆಟ್ಟಿಗೆಗಟ್ಟಲೆ ತಗಡು, ಡಬ್ಬಿಗಟ್ಟಲೆ ರಿವಿಟ್ಟು ಮೊಳೆ, ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ. ಪುಸ್ತಕ ನೋಡಿಕೊಂಡು ಮನೆಯಲ್ಲೇ ಜೋಡಿಸಬೇಕಂತೆ. ಇಬ್ಬರು ಕೂರುವ ವಿಮಾನ. ಕೂರಬೇಕಾದ ಇಬ್ಬರಲ್ಲಿ ಒಬ್ಬ ಹೋದ ವರ್ಷ ಇನ್ನೊಬ್ಬಳ ಜತೆ ಬೇರೆ ಊರಿನಲ್ಲಿ ಮನೆ ಮಾಡಿದ. ಅವನೇ ನನ್ನ ಮಗ.

ಅವನು ಮಾಡಿದ್ದು ಸರಿ ಎಂದು ನಾನು ಯಾವತ್ತೂ ಹೇಳಿಲ್ಲ. ಆದರೆ ಒಬ್ಬನೇ ಮಗ. "ಅವಳಿರೋ ತನಕ ನಾನು ಆ ಮನೆಗೆ ಬಂದಿರೋಕೆ ಆಗಲ್ಲಮ್ಮ" ಎನ್ನುತ್ತಾನೆ. ಅವಳು ಹೋದರೆ ಇಬ್ಬರೂ ಬರುತ್ತಾರೆ, ಇಲ್ಲೇ ಇರುತ್ತಾರೆ. ಮಾತಾಗಿದೆ.

ಇದು ಕೇಕಿನ ಅಂಗಡಿ ಮುಚ್ಚಿದಾಗ ಉಳಿದುಹೋದ ಆರ್ಡರ್ ಪುಸ್ತಕ. ಮೂವತ್ತೊಂದು ವರ್ಷ ಇಂಥದ್ದರಲ್ಲಿ ಊರವರ ಹುಟ್ಟಿದ ದಿನಗಳನ್ನು ಬರೆದೆ. ಈ ಮೂರು ತಿಂಗಳು ನನ್ನದೇನಾದರೂ ಬರೆದುಕೊಳ್ಳುತ್ತೇನೆ. ಹೇಳಿಕೊಳ್ಳಲು ಬೇರೆ ಯಾರಿದ್ದಾರೆ.

ಸೆಪ್ಟೆಂಬರ್ 14

ಮೇಲಿನವಳು ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದಾಳೆ. ಲಿಫ್ಟಿನ ಬಾಗಿಲಿಗೆ ಎರಡು ಬೆರಳು ಸಿಕ್ಕಿಹಾಕಿಕೊಂಡವಂತೆ. ಮೂಳೆ ಬಿರುಕು. ಆರು ವಾರ ಆ ಕೈಯಲ್ಲಿ ಏನೂ ಮಾಡುವ ಹಾಗಿಲ್ಲ.

ಅಯ್ಯೋ ಎನ್ನುವ ಮೊದಲು ಕ್ಯಾಲೆಂಡರ್ ನೋಡಿದೆ. ಬರೆದುಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನೋಡಿದ್ದು ನಿಜ.

ಸೆಪ್ಟೆಂಬರ್ 16

ಒಂದು ವರ್ಷದ ಮೇಲೆ ಶೆಡ್ಡಿನೊಳಗೆ ಕಾಲಿಟ್ಟೆ. ಕೊಳೆತ ಮೊಟ್ಟೆಯ ವಾಸನೆ ಅಡುಗೆಮನೆ ತನಕ ಬಂದಿತ್ತು, ಏನು ಸತ್ತಿದೆಯೋ ನೋಡೋಣ ಎಂದು ಹೋದದ್ದು. ಸತ್ತದ್ದೇನೂ ಇರಲಿಲ್ಲ. ಅದು ಅಂಟು. ಟ್ಯಾಂಕಿನ ಸಂದುಗಳಿಗೆಲ್ಲ ಮೆತ್ತುವ ಸೀಲೆಂಟು.

ಅವಳು ಸ್ಟೂಲಿನ ಮೇಲೆ ಕೂತು, ಅಂಟು ತುಂಬಿದ ಪ್ಲಾಸ್ಟಿಕ್ ಕೋನನ್ನು ಎಡಗೈಯಲ್ಲಿ ಹಿಸುಕುತ್ತಿದ್ದಳು. ಮುಂದಿದ್ದದ್ದು ಪ್ರಯೋಗಕ್ಕೆ ಇಟ್ಟುಕೊಂಡ ಹಳೆಯ ತಗಡು. ಅಂಟು ಒಂದು ಕಡೆ ಗುಡ್ಡೆ, ಒಂದು ಕಡೆ ಬರಿದು. ಮೂಗಿನ ತುದಿಗೂ ಹತ್ತಿತ್ತು. ಎರಡನೇ ತರಗತಿಯ ಮಗು ಹಾಕಿದ ರಂಗಿನ ಹಾಗಿತ್ತು ಒಟ್ಟು ಕೆಲಸ.

ನೋಡಲಾಗಲಿಲ್ಲ. ಇವಳ ಮೇಲಿನ ಕನಿಕರಕ್ಕಲ್ಲ, ಆ ಗೆರೆಯನ್ನು ನೋಡಲಾಗಲಿಲ್ಲ.

"ಕೊಡಿಲ್ಲಿ," ಎಂದೆ.

"ಬೇಡ ಅತ್ತೆ, ಕೈಗೆ ಹತ್ತಿದ್ರೆ ವಾರ ಆದ್ರೂ ಹೋಗಲ್ಲ."

"ನನ್ನ ಕೈಗೆ ಹತ್ತೋ ಹಾಗೆ ನಾನು ಮಾಡ್ತೀನಾ?"

ಕೋನಿನ ತುದಿ ಓರೆಯಾಗಿ ಕತ್ತರಿಸಿ, ಮೇಲೆ ತಿರುಚಿ, ತಗಡಿನ ಅಂಚಿಗೆ ಒಂದು ಸುತ್ತು ಎಳೆದೆ. ಕ್ರೀಮಿಗಿಂತ ಗಟ್ಟಿ, ಚಾಕೊಲೇಟಿಗಿಂತ ಮೊಂಡು. ಆದರೂ ಕೈ ಮರೆತಿರಲಿಲ್ಲ. ಶುರುವಾದಲ್ಲೇ ಬಂದು ಕೂಡಿತು, ಗಂಟಿಲ್ಲ, ಬಾಲವಿಲ್ಲ. ಅವಳು ತಗಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ನನ್ನ ಮುಖ ನೋಡಿದಳು.

ನಾಳೆಯಿಂದ ನಾನೇ ಎಳೆದುಕೊಡುತ್ತೇನೆ ಎಂದಿದ್ದೇನೆ. ಕೆಲಸ ಬೇಗ ಮುಗಿದರೆ ಬೇಗ ಹೊರಡುತ್ತಾಳೆ.

ಸೆಪ್ಟೆಂಬರ್ 20

ಕಲಿತದ್ದು ಬರೆದಿಡುತ್ತೇನೆ, ಇಲ್ಲದಿದ್ದರೆ ಮರೆಯುತ್ತೇನೆ. ಬಿಳಿ ಅಂಟು ಹತ್ತು ಪಾಲು, ಕಪ್ಪು ಒಂದು ಪಾಲು, ತೂಕದಲ್ಲಿ. ಕಲಸುತ್ತ ಹೋದರೆ ಬೂದು ಬಣ್ಣ ಬರುತ್ತದೆ. ಎಲ್ಲೂ ಬಿಳಿ ಎಳೆ ಕಾಣಬಾರದು. ಕಲಸಿದ ಮೇಲೆ ಎರಡು ಗಂಟೆ ಮಾತ್ರ ಮಾತು ಕೇಳುತ್ತದೆ, ಆಮೇಲೆ ಅದು ಹೇಳಿದ ಹಾಗೆ ನಾವು ಕೇಳಬೇಕು. ಅಂಟು ಹತ್ತುವ ಜಾಗವನ್ನು ಮೊದಲು ಉಜ್ಜಿ ತರಿತರಿ ಮಾಡಿ, ಅಸಿಟೋನಿನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬಾರದು.

ಒರೆಸುವ ಬಟ್ಟೆಗೆ ನನ್ನ ಹಳೆಯ ಹಾಸಿಗೆ ಹೊದಿಕೆಯೊಂದನ್ನು ಕತ್ತರಿಸಿಕೊಟ್ಟೆ. ಅಂಗೈ ಅಗಲದ ಇಪ್ಪತ್ತು ತುಂಡು. ಅವಳು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡಳು. ಬಳಸಿದ್ದನ್ನೆಲ್ಲ ಮುಚ್ಚಳವಿರುವ ಡಬ್ಬಿಗೆ ಹಾಕಬೇಕು, ಟ್ಯಾಂಕ್ ಮುಚ್ಚುವ ಮೊದಲು ಮತ್ತೆ ಎಣಿಸಬೇಕು.

"ಹರಕು ಬಟ್ಟೆಗೂ ಹಾಜರಿ ಪುಸ್ತಕ ಇಟ್ಟಿದ್ದೀಯಲ್ಲ," ಎಂದು ನಕ್ಕೆ.

"ಲಿಫ್ಟಿನ ಗುಂಡಿಗೆ ಇಳಿಯೋವಾಗ್ಲೂ ಹಾಗೇ ಅತ್ತೆ. ಎಷ್ಟು ಸ್ಪ್ಯಾನರ್ ಇಳೀತೋ ಅಷ್ಟೂ ಹತ್ತಬೇಕು."

ಇಬ್ಬರೂ ಶೆಡ್ಡಿನ ಮೇಜಿನ ಮೇಲೇ ಟೀ ಕುಡಿದೆವು. ಸೊಸೆಗೆ ಸಕ್ಕರೆ ಬೇಡವಂತೆ. ನಾಲ್ಕು ವರ್ಷದಿಂದ ಎರಡು ಚಮಚ ಹಾಕಿ ಕೊಡುತ್ತಿದ್ದೆ. ಒಂದು ದಿನವೂ ಹೇಳಿಲ್ಲ.

ಸೆಪ್ಟೆಂಬರ್ 27

ಬಲರೆಕ್ಕೆಯ ಟ್ಯಾಂಕಿನ ಮುಚ್ಚಳ ಇವತ್ತು ಕೂತಿತು.

ಟ್ಯಾಂಕ್ ಎಂದರೆ ರೆಕ್ಕೆಯ ಮುಂಭಾಗದಲ್ಲೇ ಸೇರಿಕೊಳ್ಳುವ ಉದ್ದನೆಯ ತಗಡಿನ ಗೂಡು. ಅದರ ಬುಡದಲ್ಲಿ ಕೈ ತೂರುವಷ್ಟು ದುಂಡಗಿನ ಬಾಯಿ. ಪೆಟ್ರೋಲ್ ಹೀರುವ ಕೊಳವೆ, ಮಟ್ಟ ತೋರಿಸುವ ತೇಲುಬುರುಡೆ ಎಲ್ಲ ಆ ಬಾಯಿಯಿಂದಲೇ ಒಳಗೆ ಹೋಗಬೇಕು. ಆಮೇಲೆ ದುಂಡು ತಗಡೊಂದನ್ನು ಅಂಟು ಹಾಕಿ ಕೂರಿಸಿ, ಸುತ್ತ ಸ್ಕ್ರೂ ಬಿಗಿದು ಮುಚ್ಚಿಬಿಡುವುದು. ಒಂದು ಸಲ ಮುಚ್ಚಿದರೆ ತೆಗೆಯುವ ಮಾತಿಲ್ಲ. ಜೊತೆಗೆ ಕೊಟ್ಟ ಬೆಂಡಿನ ವಾಷರ್ ನಂಬುವ ಹಾಗಿಲ್ಲ, ವರ್ಷ ಕಳೆದರೆ ಜಿನುಗುತ್ತದೆ, ಅಂಟೇ ಗತಿ ಎಂದು ವಿವರಿಸಿದಳು.

ಅಂಚಿನ ಅರ್ಧ ಸುತ್ತು ಎಳೆದಿದ್ದೆ, ಮಗನ ಫೋನು ಬಂತು. ಗ್ಲೌಸ್ ಕಿತ್ತು ಹೊರಗೆ ಓಡಿದೆ. ಅವನ ಫೋನು ವಾರಕ್ಕೊಂದು ಸಲ ಬಂದರೆ ಹೆಚ್ಚು. ಅವನ ಜತೆಯವಳು ಸೋಫಾದ ಬಣ್ಣ ಆರಿಸುತ್ತಿದ್ದಾಳಂತೆ, ನಮ್ಮ ಹಜಾರದ ಗೋಡೆ ಯಾವ ಬಣ್ಣ ಎಂದು ಕೇಳಲು ಮಾಡಿದ್ದ. ಹತ್ತು ನಿಮಿಷ ಮಾತಾಡಿದೆ. ಒಳಗೆ ಬಂದಾಗ ಸೊಸೆ ಎಡಗೈಯಲ್ಲಿ ಮುಚ್ಚಳ ಹಿಡಿದು ಕಾಯುತ್ತಿದ್ದಳು. ಕಲಸಿ ಎರಡು ಗಂಟೆಯಾಗುತ್ತ ಬಂದಿತ್ತು, ಅಂಟು ಬಿಗಿಯಾಗತೊಡಗಿತ್ತು. ಗಡಿಬಿಡಿಯಲ್ಲಿ ಉಳಿದರ್ಧ ಎಳೆದೆ.

"ಬಟ್ಟೆ ಎಲ್ಲ ಬಂತಾ ಅತ್ತೆ?"

"ಬಂತು."

ಮುಚ್ಚಳ ಒತ್ತಿದೆವು. ಪ್ರತಿ ಸ್ಕ್ರೂವಿನ ಕೆಳಗೂ ಒಂದೊಂದು ಹನಿ ಅಂಟು. ಸುತ್ತಲೂ ಸಣ್ಣಗೆ, ಒಂದೇ ಸಮ, ಅಂಟು ಹೊರಗೆ ಇಣುಕಿತು. ಎಲ್ಲ ಕಡೆ ಹೀಗೆ ಇಣುಕಿದರೆ ಒಳಗೂ ತುಂಬಿದೆ ಎಂದು ಅರ್ಥವಂತೆ. ಇಷ್ಟು ಚೆಂದದ ಕೆಲಸ ಅಂಗಡಿ ಮುಚ್ಚಿದ ಮೇಲೆ ಮಾಡಿರಲಿಲ್ಲ.

ಅಕ್ಟೋಬರ್ 5

ನಿನ್ನೆಯಿಂದ ಪರೀಕ್ಷೆ. ಟ್ಯಾಂಕಿನ ಎಲ್ಲ ತೂತು ಕಟ್ಟಿ, ಒಂದಕ್ಕೆ ಬಲೂನು ಸಿಕ್ಕಿಸಿ, ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ತುಂಬುವುದು. ಟ್ಯಾಂಕ್ ಬಿಗಿಯಾಗಿದ್ದರೆ ಬಲೂನು ಉಬ್ಬಿಯೇ ಇರುತ್ತದೆ. ಅಂಗಡಿಯ ಹಳೆಯ ಡಬ್ಬಿಯಿಂದ ಹಳದಿ ಬಲೂನು ಹುಡುಕಿಕೊಟ್ಟೆ. ಸೋಪಿನ ನೀರು ಬಳಿದು, ರೆಕ್ಕೆಗೆ ಇನ್ನೂ ಜೋಡಿಸದ ಟ್ಯಾಂಕನ್ನು ನೆಟ್ಟಗೆ ನಿಲ್ಲಿಸಿ, ಮಗುಚಿ, ತಲೆಕೆಳಗು ಮಾಡಿ ಮೂಲೆ ಮೂಲೆ ನೋಡಿದೆವು. ಒಂದು ಗುಳ್ಳೆ ಇಲ್ಲ.

ಇವತ್ತು ಬೆಳಿಗ್ಗೆ ಬಲೂನು ಸ್ವಲ್ಪ ಬಾಡಿತ್ತು. ಮತ್ತೆ ಸೋಪಿನ ನೀರು ತರಲು ಎದ್ದೆ. "ಚಳಿಗೆ ಗಾಳಿ ಮುದುಡಿದೆ ಅತ್ತೆ, ಬಿಸಿಲು ಬರಲಿ ತಾಳಿ," ಎಂದಳು. ಹತ್ತು ಗಂಟೆಗೆ ಮತ್ತೆ ಗುಂಡಗಾಯಿತು. ಸೊಸೆ ಕುಣಿದಳು. ಪಟ್ಟಿ ಕಟ್ಟಿದ ಕೈಯನ್ನೇ ನನ್ನ ಹೆಗಲ ಮೇಲೆ ಹಾಕಿ, "ಇಷ್ಟು ಬಿಗಿಯಾದ ಮುಚ್ಚಳ ನಮ್ಮ ವಿಮಾನದ ಕ್ಲಬ್ಬಿನಲ್ಲಿ ಯಾರದ್ದೂ ಇಲ್ಲ," ಎಂದಳು.

ಫೋನಿನಲ್ಲಿ ಮಗನಿಗೆ ಹೇಳಿದೆ. "ಓಹೋ, ಒಳ್ಳೇದು. ಅಂದ್ರೆ ಬೇಗ ಖಾಲಿ ಆಗುತ್ತೆ," ಎಂದ. ಹೌದು, ನಾನೂ ಅದಕ್ಕೇ ತಾನೇ ಮಾಡುತ್ತಿರುವುದು.

ಅಕ್ಟೋಬರ್ 6

ಬಟ್ಟೆಯ ಡಬ್ಬಿ ಖಾಲಿ ಮಾಡಲು ಕೂತೆ. ಹತ್ತೊಂಬತ್ತು.

ಮೂರು ಸಲ ಎಣಿಸಿದೆ. ಅಂಟು ಹತ್ತಿ ಜೋಡಿಯಾದವನ್ನು ಬಿಡಿಸಿ ಎಣಿಸಿದೆ. ಮೇಜಿನ ಕೆಳಗೆ, ಏಪ್ರನ್ನಿನ ಜೇಬಿನಲ್ಲಿ, ಕಸದ ಬುಟ್ಟಿಯಲ್ಲಿ ನೋಡಿದೆ. ಹತ್ತೊಂಬತ್ತೇ.

ಅವತ್ತು ಅಂಚಿನಿಂದ ಅಂಟು ಒಳಗೆ ತೊಟ್ಟಿಕ್ಕದಿರಲಿ ಎಂದು ಟ್ಯಾಂಕಿನ ಬಾಯಲ್ಲಿ ಒಂದು ಬಟ್ಟೆ ಹಾಸಿದ್ದೆ. ಹಾಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ತೆಗೆದದ್ದು ನೆನಪಿಲ್ಲ.

ಅಕ್ಟೋಬರ್ 7

ಗಾಳಿಗೆ ಹಾರಿರಬಹುದು. ಕತ್ತರಿಸಿದ್ದೇ ಹತ್ತೊಂಬತ್ತು ಇರಬಹುದು.

ಇಲ್ಲ, ಅವಳೇ ಎಣಿಸಿ ಬರೆದುಕೊಂಡಿದ್ದಳು.

ಅಕ್ಟೋಬರ್ 8

ಸುಮ್ಮನೆ ಕೇಳಿದ ಹಾಗೆ ಕೇಳಿದೆ. "ಟ್ಯಾಂಕಲ್ಲಿ ಏನಾದ್ರೂ ಕಸ ಉಳಿದ್ರೆ ಏನಾಗುತ್ತೆ?"

"ಏನು ಕಸ ಅನ್ನೋದರ ಮೇಲೆ ಅತ್ತೆ. ಸಣ್ಣ ಪುಡಿ ಆದ್ರೆ ಜಾಲರಿ ಹಿಡಿಯುತ್ತೆ. ದೊಡ್ಡದೇನಾದ್ರೂ ಹೋಗಿ ಕೊಳವೆ ಬಾಯಿಗೆ ಕಚ್ಚಿಕೊಂಡ್ರೆ ಎಂಜಿನ್ ನಿಂತೇಹೋಗುತ್ತೆ. ಮೇಲೆ ಹೋದ್ಮೇಲೆ ಬದಿಗೆ ಹಾಕಿ ನಿಲ್ಲಿಸೋಕೆ ಜಾಗ ಇರಲ್ವಲ್ಲ," ಎಂದು ನಕ್ಕಳು.

ನಾನೂ ನಕ್ಕೆ.

ಅಕ್ಟೋಬರ್ 9

ಬಿಚ್ಚಿದರೆ ಮತ್ತೆ ಒಂದು ತಿಂಗಳು ಹಿಂದಕ್ಕೆ ಹೋಗುತ್ತದೆ. ಡಿಸೆಂಬರ್ ಒಂದು ತಪ್ಪುತ್ತದೆ. ಮಗ ಇನ್ನೊಮ್ಮೆ ಬರುತ್ತೇನೆ ಎನ್ನುತ್ತಾನೋ ಇಲ್ಲವೋ.

ಅಕ್ಟೋಬರ್ 10

ಊಟ ಸೇರಲಿಲ್ಲ.

ಅಕ್ಟೋಬರ್ 11

ಹೇಳಿದೆ.

ಬೆಳಿಗ್ಗೆ ಟೀ ಕುಡಿಯುತ್ತ ಸೊಸೆ ತನ್ನ ಪಾಡಿಗೆ ಮಾತಾಡುತ್ತಿದ್ದಳು. ಮೊದಲ ಸಲ ಹಾರುವಾಗ ಎರಡರಲ್ಲಿ ಒಂದು ಟ್ಯಾಂಕ್ ಆರಿಸಿಕೊಳ್ಳಬೇಕಂತೆ. "ನಾನು ಬಲಗಡೆಯದೇ ತಿರುಗಿಸ್ತೀನಿ ಅತ್ತೆ. ಅದು ನೀವು ಮುಚ್ಚಿದ್ದು. ಕಣ್ಣು ಮುಚ್ಚಿ ನಂಬಬಹುದು," ಎಂದಳು.

ಲೋಟ ಕೆಳಗಿಟ್ಟೆ.

"ಒಂದು ಬಟ್ಟೆ ಕಡಿಮೆ ಇದೆ ಕಣಮ್ಮ."

"ಯಾವ ಬಟ್ಟೆ?"

"ಒರೆಸೋದು. ಹತ್ತೊಂಬತ್ತೇ ಇರೋದು. ನಾನು ಎಣಿಸಿರಲಿಲ್ಲ. ಬಂತು ಅಂತ ಸುಮ್ಮನೆ ಹೇಳಿಬಿಟ್ಟೆ."

ಅವಳು ರೆಕ್ಕೆಯ ಕಡೆ ನೋಡಿದಳು. ಆಮೇಲೆ ಕೇಳಿದಳು, "ಯಾವಾಗ ಗೊತ್ತಾಯ್ತು ನಿಮಗೆ?"

ಅದೊಂದನ್ನು ಕೇಳದಿರಲಿ ಎಂದುಕೊಂಡಿದ್ದೆ.

"ಸೋಮವಾರ."

"ಇವತ್ತು ಶನಿವಾರ," ಎಂದಳು. ಲೋಟ ತೊಳೆದಿಟ್ಟು ಮೇಲೆ ಹೋದಳು.

ಅಕ್ಟೋಬರ್ 12

ನಾನು ಹೋಗುವಷ್ಟರಲ್ಲಿ ಸ್ಕ್ರೂಗಳನ್ನೆಲ್ಲ ಬಿಚ್ಚಿ ಸಾಲಾಗಿ ಇಟ್ಟಿದ್ದಳು. ಮುಚ್ಚಳ ಜಗ್ಗಲಿಲ್ಲ. ನಾನು ಹಾಕಿದ ಅಂಟು! ತೆಳ್ಳನೆಯ ಬ್ಲೇಡನ್ನು ಅಂಚಿಗೆ ಹಿಡಿದು ಮರದ ಸುತ್ತಿಗೆಯಿಂದ ಕುಟ್ಟಬೇಕು, ಕೂದಲೆಳೆಯಷ್ಟು ಒಳಗೆ ಹೋಗುತ್ತದೆ, ಮತ್ತೆ ಮುಂದಿನ ಜಾಗ. ಅವಳ ಒಂದು ಕೈಯಲ್ಲಿ ಆಗುವ ಕೆಲಸವಲ್ಲ. ಬ್ಲೇಡು ನಾನು ಹಿಡಿದೆ, ಸುತ್ತಿಗೆ ಅವಳು. ಬೆಳಿಗ್ಗೆ ಎಂಟಕ್ಕೆ ಶುರುವಾದದ್ದು ಮಧ್ಯಾಹ್ನ ಒಂದೂವರೆಯ ತನಕ. ನಡುವೆ ಆಡಿದ ಮಾತು "ಸ್ವಲ್ಪ ಮೇಲೆ", "ಅಲ್ಲೇ" ಇಷ್ಟೆ. ಅಷ್ಟು ಅಂದವಾಗಿ ಕೂತದ್ದು ಚರ್ಮ ಸುಲಿದ ಹಾಗೆ ಎದ್ದುಬಂತು.

ಬಾಯಿಯ ಹತ್ತಿರ ಏನೂ ಇರಲಿಲ್ಲ. ಒಂದು ಕ್ಷಣ ಜೀವ ಬಂದ ಹಾಗಾಯಿತು. ಅವಳು ಕಡ್ಡಿಯ ತುದಿಗೆ ಕಟ್ಟಿದ ಸಣ್ಣ ಕನ್ನಡಿಯನ್ನು ಒಳಗೆ ಬಿಟ್ಟು, ಟಾರ್ಚ್ ಹಿಡಿದು, ಬಹಳ ಹೊತ್ತು ತಿರುಗಿಸಿದಳು.

"ಇದೆ."

ಟ್ಯಾಂಕಿನೊಳಗೆ ಅಡ್ಡಗೋಡೆಗಳಿವೆ, ನಡುವೆ ತೂತುಗಳು. ಪರೀಕ್ಷೆಗೆಂದು ತಲೆಕೆಳಗು ಮಾಡಿದಾಗ ಜಾರಿಕೊಂಡು ಹೋಗಿ ಮೊದಲ ಗೋಡೆಯ ಆಚೆ ಮಡಿಚಿಕೊಂಡು ಕೂತಿತ್ತು. ತಂತಿಯ ಕೊಕ್ಕೆಯಿಂದ ಎಳೆದು ತೆಗೆದಳು. ಹೊದಿಕೆಯ ನೀಲಿ ಹೂವಿನ ಅಂಚು ಇದ್ದ ತುಂಡು. ಅದನ್ನು ಉಳಿದ ಹತ್ತೊಂಬತ್ತರ ಪಕ್ಕ ಮೇಜಿನ ಮೇಲಿಟ್ಟಳು.

ನಾನು ಅಲ್ಲೇ ಕೂತುಬಿಟ್ಟೆ.

"ಬಟ್ಟೆ ಉಳಿದಿದ್ದಕ್ಕೆ ನನಗೆ ಬೇಜಾರಿಲ್ಲ ಅತ್ತೆ," ಎಂದಳು. ಧ್ವನಿ ಏರಲಿಲ್ಲ. "ಯಾರಿಗಾದ್ರೂ ಆಗುತ್ತೆ. ನಾನೂ ಎಣಿಸಬೇಕಿತ್ತು. ಆದ್ರೆ ಐದು ದಿನ ಇಬ್ಬರೂ ಇದೇ ಮೇಜಲ್ಲಿ ಕೂತು ಟೀ ಕುಡಿದ್ವಿ."

ಏನು ಹೇಳಲಿ? ನನ್ನ ಮಗ ಬರುವ ತಾರೀಖು ಮುಖ್ಯವಾಯಿತು ಎಂದು ಹೇಳಲೇ? ಹೇಳಲಿಲ್ಲ. ಅವಳಿಗೆ ಗೊತ್ತಾಗದೆ ಏನಿಲ್ಲ.

ಅಕ್ಟೋಬರ್ 19

ಸೊಸೆ ಅಡುಗೆಮನೆಯ ಮುಂದೆಯೇ ಹಾದುಹೋಗುತ್ತಾಳೆ. "ಬರ್ತೀನಿ ಅತ್ತೆ" ಎಂದು ಮೊದಲಿನ ಹಾಗೇ ಹೇಳುತ್ತಾಳೆ. ಅದಷ್ಟೇ. ಶೆಡ್ಡಿನಲ್ಲಿ ಒಬ್ಬಳೇ ಕೂತು ಎಡಗೈಯಿಂದ ಹಳೆಯ ಅಂಟು ಕೆರೆಯುತ್ತಾಳೆ. ಕರೆಯುವುದಿಲ್ಲ. ನಾನೂ ಹೋಗುವುದಿಲ್ಲ, ಯಾವ ಮುಖ ಹೊತ್ತು ಹೋಗಲಿ.

ಟೀ ಮಾಡುವಾಗ ಎರಡು ಲೋಟ ಇಡುವುದು ರೂಢಿಯಾಗಿಬಿಟ್ಟಿದೆ. ಇವತ್ತು ಎರಡನೆಯದನ್ನೂ ನಾನೇ ಕುಡಿದೆ. ಸಕ್ಕರೆ ಇಲ್ಲದ ಟೀ ಅಷ್ಟೇನೂ ಕೆಟ್ಟದಾಗಿರುವುದಿಲ್ಲ.

ಅಕ್ಟೋಬರ್ 27

ಕೈಯ ಪಟ್ಟಿ ಬಿಚ್ಚಿದ್ದಾರೆ. ಇನ್ನು ನನ್ನ ಕೈ ಬೇಕಾಗುವುದಿಲ್ಲ. ಒಳ್ಳೆಯದೇ ಆಯಿತು.

ನವೆಂಬರ್ 2

ಬೆಳಿಗ್ಗೆ ಒಗ್ಗರಣೆಗೆ ಇಟ್ಟಿದ್ದೆ. ಹಿತ್ತಲ ಬಾಗಿಲಲ್ಲಿ ಹುಡುಗಿ ಬಂದು ನಿಂತಳು. ಎರಡೂ ಕೈಗೆ ಗ್ಲೌಸು, ಗಲ್ಲಕ್ಕೆ ಬೂದು ಅಂಟು.

"ಅತ್ತೆ, ಕಲಸಿಬಿಟ್ಟಿದ್ದೀನಿ. ನಂದು ಗಂಟು ಗಂಟಾಗ್ತಿದೆ. ಆಗಲೇ ಇಪ್ಪತ್ತು ನಿಮಿಷ ಹೋಯ್ತು."

"ಬೆರಳು ವಾಸಿಯಾಯ್ತಲ್ಲ?"

"ಬೆರಳು ವಾಸಿಯಾಗಿದೆ. ಗೆರೆ ವಾಸಿಯಾಗಿಲ್ಲ. ಬರ್ತೀರಾ ಇಲ್ವಾ?"

ಒಲೆ ಆರಿಸಿ ಹೋದೆ. ಫೋನನ್ನು ಅಡುಗೆಮನೆಯಲ್ಲೇ ಬಿಟ್ಟೆ.

ಅವಳ ಗೆರೆಯನ್ನು ಒರೆಸಿ ತೆಗೆದು ಹೊಸದಾಗಿ ಎಳೆದೆ. ಮುಚ್ಚುವ ಮೊದಲು ಬಟ್ಟೆಗಳನ್ನು ಮೇಜಿನ ಮೇಲೆ ಹರಡಿ ಇಬ್ಬರೂ ಗಟ್ಟಿಯಾಗಿ ಎಣಿಸಿದೆವು, ಒಂದನೇ ತರಗತಿಯ ಮಕ್ಕಳು ಮಗ್ಗಿ ಹೇಳಿದ ಹಾಗೆ. ಇಪ್ಪತ್ತು. "ಇನ್ನೊಂದು ಸಲ," ಎಂದೆ. ಮತ್ತೆ ಇಪ್ಪತ್ತು. ಅವಳು ಮುಚ್ಚಳ ಇಡಲು ಹೋದಾಗ ತಡೆದು, ಕನ್ನಡಿ ಬಿಟ್ಟು ಒಳಗೆ ನೋಡಿದೆ.

"ಸಾಕು ಅತ್ತೆ, ಅಂಟು ಒಣಗುತ್ತೆ."

"ಒಣಗಲಿ. ಮತ್ತೆ ಕಲಸಿದ್ರಾಯ್ತು."

ಅದಕ್ಕೆ ಅವಳು ನಕ್ಕಳು. ಮೂರು ವಾರದ ಮೇಲೆ.

ಕೈ ತೊಳೆಯುವಾಗ, ಅವಳ ಮುಖ ನೋಡದೆ, "ತಪ್ಪಾಯ್ತು ಕಣೇ," ಎಂದೆ. ನಲ್ಲಿ ಜೋರಾಗಿ ಬಿಟ್ಟಿತ್ತು. ಕೇಳಿಸಿತೋ ಇಲ್ಲವೋ. ನಲ್ಲಿ ನಿಲ್ಲಿಸಿ ನನಗೆ ಟವಲ್ ಕೊಟ್ಟಳು.

ಮಗ ಎರಡು ಸಲ ಫೋನು ಮಾಡಿದ್ದನಂತೆ.

ನವೆಂಬರ್ 9

ಮಗ ಬಂದಿದ್ದ, ಒಬ್ಬನೇ. ಮನೆ ಅಳತೆ ತೆಗೆದುಕೊಳ್ಳಲು. ಸೊರಗಿದ್ದಾನೆ, ಕಿವಿಯ ಹತ್ತಿರ ಕೂದಲು ಬಿಳಿಯಾಗಿದೆ. ಹುಡುಗಿ ಕೆಲಸಕ್ಕೆ ಹೋಗಿದ್ದಳು, ಆ ಹೊತ್ತು ನೋಡಿಯೇ ಬಂದಿರಬೇಕು. ನಾನು ಶೆಡ್ಡಿನಲ್ಲಿ ಎಡ ಟ್ಯಾಂಕಿನ ಅಂಚು ಒರೆಸುತ್ತಿದ್ದೆ.

"ಇನ್ನೂ ಮುಗಿದಿಲ್ವಾ?" ಎನ್ನುತ್ತ ಒಳಗೆ ಬಂದ.

"ಚಪ್ಪಲಿ ಹೊರಗೆ ಬಿಡು. ಅಂಟಿಗೆ ಧೂಳು ಹತ್ತುತ್ತೆ."

"ನೀನ್ಯಾಕಮ್ಮ ಇದನ್ನೆಲ್ಲ ಮಾಡ್ತಿದ್ದೀಯ?"

"ಅವಳ ಗೆರೆ ಗಂಟು ಗಂಟಾಗುತ್ತೆ," ಎಂದೆ.

ಬರಿಗಾಲಲ್ಲಿ ರೆಕ್ಕೆಯ ಉದ್ದಕ್ಕೂ ನಡೆದ. ಒಂದು ಕಡೆ ನಿಂತು ರಿವಿಟ್ಟುಗಳ ಮೇಲೆ ಬೆರಳಾಡಿಸಿದ. "ಈ ಸಾಲು ನಾನು ಹೊಡೆದಿದ್ದು," ಎಂದ.

"ಸೊಟ್ಟಗಿದೆ."

"ಅವಳು ತೆಗೆಸಿ ಬೇರೆ ಹೊಡೀಬಹುದಿತ್ತು."

"ಗಟ್ಟಿಯಾಗಿದೆ, ಹಾಗೇ ಇರಲಿ ಅಂತಾಳೆ."

ಅವನು ಕೈ ತೆಗೆದು ಜೇಬಿಗೆ ಹಾಕಿಕೊಂಡ. "ಡಿಸೆಂಬರ್ ಒಂದು, ಗ್ಯಾರಂಟಿ ತಾನೇ?" ಎಂದು ಕೇಳಿದ. ಹೌದು ಎಂದೆ. ಊಟ ಮಾಡಿಕೊಂಡು ಹೋಗು ಎಂದರೆ ಹೊತ್ತಾಯಿತು ಎಂದ. ಬಾಗಿಲ ತನಕ ಹೋಗಿ ಅವನ ಕೆನ್ನೆ ಸವರಿದೆ. ಕೈಯಲ್ಲಿ ಅಸಿಟೋನಿನ ವಾಸನೆ ಇತ್ತು, ಮುಖ ಸಿಂಡರಿಸಿದ, ಚಿಕ್ಕವನಿದ್ದಾಗಿನ ಹಾಗೆ. ಎಂಥವನಾದರೂ ಪಾಪ ಅನ್ನಿಸಿತು.

ಸಂಜೆ ಅವಳಿಗೆ ಹೇಳಿದೆ. "ಸಾಲು ನೋಡಿದ್ನಾ?" ಎಂದು ಕೇಳಿದಳು. ನೋಡಿದ ಎಂದೆ. ಇವತ್ತು ಬೇಗ ಮೇಲೆ ಹೋದಳು.

ನವೆಂಬರ್ 16

ಎಡಗಡೆಯದು ಒಂದೇ ಸಲಕ್ಕೆ ಪಾಸು. ಬಲಗಡೆಯದೂ ಮತ್ತೆ ಪಾಸು. ಎರಡು ದಿನ ಬಲೂನು ಕುಗ್ಗಲಿಲ್ಲ.

ಹಾಗಾದರೆ ಕೆಲಸ ಮುಗಿಯಿತು.

ನವೆಂಬರ್ 23

ಲಿಫ್ಟ್ ಕಂಪನಿಯ ನಾಲ್ಕು ಜನ ಗೆಳೆಯರು ಬಂದು ರೆಕ್ಕೆಗಳನ್ನು ಕಂಬಳಿಯಲ್ಲಿ ಸುತ್ತಿ ಲಾರಿಗೆ ಏರಿಸಿದರು. "ಮುಚ್ಚಳದ ಕಡೆ ಕೈ ಹಾಕಬೇಡಿ!" ಎಂದು ನಾನು ಕೂಗಿದ ಕೂಗಿಗೆ ಎದುರುಮನೆಯವರು ಕಿಟಕಿಗೆ ಬಂದರು. ಮೈದಾನದ ಹತ್ತಿರವೇ ಹುಡುಗಿ ಒಂದು ಕೋಣೆ ಹಿಡಿದಿದ್ದಾಳೆ. ಎರಡು ಸೂಟ್‌ಕೇಸು, ಒಂದು ಟೂಲ್ ಪೆಟ್ಟಿಗೆ. ನಾಲ್ಕು ವರ್ಷದ ಸಂಸಾರ ಅಷ್ಟರಲ್ಲಿ ಮುಗಿಯಿತು.

ಗೇಟಿನ ಹತ್ತಿರ, "ಹೋಗಿ ಬರ್ತೀನಿ ಅತ್ತೆ," ಎಂದಳು.

"ಯಾವಾಗ?"

"ಏನು ಯಾವಾಗ?"

"ಬರೋದು."

ಅವಳು ತಬ್ಬಿಬ್ಬಾದಳು. ಎಲ್ಲರೂ ಹೇಳುವ ಮಾತನ್ನು ಹೇಳಿದ್ದಳು, ಪಾಪ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ.

"ಮೊದಲ ಸಲ ಪೆಟ್ರೋಲ್ ತುಂಬಿ ನೋಡೋ ದಿನ ಹೇಳ್ತೀನಿ. ನೀವೇ ಬನ್ನಿ. ಸೋರಿದ್ರೆ ಬೈಯೋಕೆ ಜನ ಬೇಕಲ್ಲ," ಎಂದಳು.

ನವೆಂಬರ್ 26

ಮಹಡಿ ಗುಡಿಸಿದೆ. ಶೆಡ್ಡೂ ಗುಡಿಸಿದೆ. ನೆಲಕ್ಕೆ ಹತ್ತಿದ ಅಂಟಿನ ಒಂದು ಬೊಟ್ಟು ಎಷ್ಟು ಕೆರೆದರೂ ಬರಲಿಲ್ಲ. ಬಿಟ್ಟೆ. ಶೆಡ್ಡು ಇಷ್ಟು ದೊಡ್ಡದಿತ್ತೇ ಎನಿಸಿತು.

ಮಗನ ಫೋನು. ಸೋಫಾ ಹಸಿರು ಬಣ್ಣದ್ದಂತೆ.

ಡಿಸೆಂಬರ್ 1

ಇದನ್ನು ಹುಡುಗಿಯ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಪುಸ್ತಕ ಚೀಲದಲ್ಲೇ ಇತ್ತು.

ನಿನ್ನೆ ಸಂಜೆ ಫೋನು ಮಾಡಿದಳು. "ನಾಳೆ ರಜೆ ಹಾಕಿದ್ದೀನಿ, ಬಲಗಡೆ ಟ್ಯಾಂಕ್ ತುಂಬಿಸ್ತಿದ್ದೀನಿ." ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಮೈದಾನ ನಾನು ಅಂದುಕೊಂಡಿದ್ದಕ್ಕಿಂತ ಬೋಳು. ಒಂದು ಉದ್ದದ ರಸ್ತೆ, ಅದರ ತುದಿಯಲ್ಲಿ ಹುಲ್ಲು, ನಾಲ್ಕು ತಗಡಿನ ಶೆಡ್ಡು. ನಮ್ಮ ವಿಮಾನಕ್ಕೆ ಎರಡೂ ರೆಕ್ಕೆ ಕೂತಿದ್ದವು. ಇಷ್ಟು ದಿನ ತುಂಡು ತುಂಡಾಗಿ ನೋಡಿದ್ದೆ. ಒಟ್ಟಾಗಿ ನೋಡಿದಾಗ, ಇದು ನಿಜವಾಗಿ ಹಾರುತ್ತದೆ ಎಂದು ಮೊದಲ ಸಲ ಅನ್ನಿಸಿತು.

ರೆಕ್ಕೆಯ ಬುಡದ ಕೆಳಗೆ ಬಿಳಿ ಕಾಗದ ಹಾಸಿದೆವು. ಒಂದು ಹನಿ ಬಿದ್ದರೂ ಕಲೆ ಕಾಣುತ್ತದೆ. ಅವಳು ಏಣಿ ಹತ್ತಿ ಆಲಿಕೆಯಲ್ಲಿ ಸುರಿದಳು, ನಾನು ಕೆಳಗೆ ಮಣೆ ಹಾಕಿಕೊಂಡು ಕೂತೆ. ಐದು ಲೀಟರಿಗೊಮ್ಮೆ ನಿಲ್ಲಿಸುವುದು, ಕಾಯುವುದು, ಬೆರಳಿನಿಂದ ಮುಚ್ಚಳದ ಸುತ್ತ ಸವರಿ ನೋಡುವುದು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕ್ ತುಂಬಿತು. ಕಾಗದ ಒಣಗಿಯೇ ಇತ್ತು. ಒಂದು ದಿನ ಪೂರ್ತಿ ಹಾಗೇ ಇದ್ದರೆ ಗೆದ್ದ ಹಾಗೆ. ನಾನು ತಂದ ಬುತ್ತಿ ಬಿಚ್ಚಿ ಅಲ್ಲೇ ಉಂಡೆವು. ಮೊದಲ ಹಾರಾಟಕ್ಕೆ ಅವಳೊಬ್ಬಳೇ ಹೋಗಬೇಕಂತೆ, ಅದು ನಿಯಮ. ಪಕ್ಕದ ಸೀಟಿನಲ್ಲಿ ಕೂರಲು ಎಷ್ಟು ತಿಂಗಳಾಗುತ್ತದೆ ಎಂದು ಕೇಳಿದೆ. ಸುಮ್ಮನೆ, ತಿಳಿದಿರಲಿ ಎಂದು.

ನಾಲ್ಕು ಗಂಟೆಗೆ ಮಗನ ಫೋನು.

"ಅಮ್ಮ, ಬೀಗ ಹಾಕಿದೆಯಲ್ಲ! ಎಲ್ಲಿದ್ದೀಯ?"

"ರೆಕ್ಕೆ ಕೆಳಗೆ."

"ಎಲ್ಲಿ?"

"ಮೈದಾನದಲ್ಲಪ್ಪ. ಪೆಟ್ರೋಲ್ ತುಂಬಿದ್ದೀವಿ. ಸೋರುತ್ತಾ ಅಂತ ನೋಡ್ತಿದ್ದೀನಿ."

ಅವನ ಹಿಂದೆ ಯಾರೋ ಹೆಂಗಸು ಏನಂತೆ ಎಂದು ಕೇಳುವುದು ಕೇಳಿಸಿತು.

"ಅಮ್ಮ, ಇವತ್ತು ಡಿಸೆಂಬರ್ ಒಂದು. ಸಾಮಾನೆಲ್ಲ ಗಾಡೀಲಿದೆ."

ಹಾಸಿದ ಕಾಗದವನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ಹೇಳಿದೆ, "ಪಕ್ಕದ ಮನೆಯವರ ಹತ್ರ ಕೀ ಇದೆ, ಇಸ್ಕೊಳ್ಳಿ. ಮಹಡಿ ಗುಡಿಸಿಟ್ಟಿದ್ದೀನಿ. ಅಡುಗೆಗೆ ಬೇಕಾದ್ದೆಲ್ಲ ಇದೆ, ಇವತ್ತು ನೀವೇ ಮಾಡ್ಕೊಳ್ಳಿ."

"ನೀನು ಯಾವಾಗ ಬರ್ತೀಯ?"

"ನಾಳೆ. ಕಾಗದ ನೋಡಿಯಾದ ಮೇಲೆ."

ಫೋನ್ ಇಟ್ಟ ಮೇಲೆ ಹುಡುಗಿ ಏಣಿಯ ಮೇಲಿಂದಲೇ, "ಹೋಗಿ ಅತ್ತೆ, ಕೊನೇ ಬಸ್ಸು ಐದೂವರೆಗಿದೆ. ಕಾಗದ ನಾನು ನೋಡ್ಕೋತೀನಿ. ಅವನು ಕಾಯ್ತಿರ್ತಾನೆ," ಎಂದಳು.

"ಅವನಿಗೆ ಕೀ ಸಿಗುತ್ತೆ. ನೀನು ಇಳಿ, ಕತ್ತಲಾಗೋಕೆ ಮುಂಚೆ ಮುಚ್ಚಳ ಇನ್ನೊಂದು ಸಲ ಮುಟ್ಟಿ ನೋಡೋಣ," ಎಂದೆ.

ಮುಟ್ಟಿ ನೋಡಿದೆವು. ಒಣಗಿತ್ತು. ಈಗ ಮಂಚ ನನಗೆ ಬಿಟ್ಟು ಅವಳು ನೆಲದ ಮೇಲೆ ಹಾಸಿಕೊಳ್ಳುತ್ತಿದ್ದಾಳೆ, ಬೇಡವೆಂದರೂ ಕೇಳುವವಳಲ್ಲ.

ಈ ಪುಸ್ತಕ ಶುರು ಮಾಡಿದ್ದೇ ಇವತ್ತಿನ ತಾರೀಖಿಗಾಗಿ. ಮೂರು ತಿಂಗಳು ದಿನ ಎಣಿಸಿದವಳು ಅದನ್ನೇ ಹೇಗೆ ಮರೆತೆನೋ, ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಅರವತ್ತಾರಾಯಿತು, ಮರೆವು ಶುರುವಾಗಿದೆ. ಬೆಳಿಗ್ಗೆ ಬೇಗ ಏಳಬೇಕು, ಅವಳಿಗಿಂತ ಮೊದಲು ಹೋಗಿ ಕಾಗದ ನೋಡಬೇಕು.